ಇಂಜಿನ್ನಿನ ದೀಪ ಹೊತ್ತಿಕೊಂಡಾಗ



ಸ್ವಂತ ಕಾರು ಇಟ್ಟುಕೊಂಡವರೆಲ್ಲರೂ ಒಂದಲ್ಲ ಒಂದು ದಿನ ಈ ಅನುಭವಕ್ಕೆ ಒಳಗಾಗುತ್ತಾರೆ. ಗಾಡಿ ಎಂದಿನಂತೆಯೇ ಓಡುತ್ತಿರುತ್ತದೆ. ಸದ್ದಿನಲ್ಲಿ ವ್ಯತ್ಯಾಸವಿಲ್ಲ, ಹೊಗೆಯೂ ಇಲ್ಲ. ಆದರೆ ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡು, ಆರದೆ ನಿಂತುಬಿಡುತ್ತದೆ. ಮುಂದೆ ಹೋಗಬಹುದೇ, ನಿಲ್ಲಿಸಬೇಕೇ, ಖರ್ಚು ನೂರರಲ್ಲೋ ಸಾವಿರದಲ್ಲೋ, ಏನೊಂದೂ ತಿಳಿಯುವುದಿಲ್ಲ.

ನನಗೆ ಇದು ಒದಗಿದ್ದು ಒಂದು ಮಳೆಗಾಲದಲ್ಲಿ, ಬೆಂಗಳೂರಿನಿಂದ ಹಾಸನಕ್ಕೆ ಹೋಗುವಾಗ. ದಾರಿಯ ಗ್ಯಾರೇಜೊಂದರಲ್ಲಿ ಹುಡುಗನೊಬ್ಬ ಬಂದು ಸ್ಕ್ಯಾನರ್ ಸಿಕ್ಕಿಸಿದ. ಎರಡೇ ನಿಮಿಷಕ್ಕೆ, "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು" ಎಂದ. ಮಾಡಿಸಿದೆ. ಕೆಲವು ಸಾವಿರ ರೂಪಾಯಿ ತೆತ್ತೆ. ದೀಪ ಆರಿತು. ಎಂಟನೆಯ ದಿನಕ್ಕೆ ಮತ್ತೆ ಹೊತ್ತಿಕೊಂಡಿತು. ಆ ಸಿಟ್ಟಿನಲ್ಲಿ ನಾನೇ ಒಂದು ಅಗ್ಗದ ಉಪಕರಣ ಕೊಂಡು ತಂದು ನೋಡಿದಾಗ, ಮೊಬೈಲಿನ ಪರದೆಯ ಮೇಲೆ ಬಂದದ್ದು "ಪಿ-0171" ಎಂಬ ಸಂಕೇತ. ಅದರ ಅರ್ಥ, ಇಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು, ಅಷ್ಟೇ. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಈ ಸಂಕೇತಗಳನ್ನು ಓದುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ ತಪ್ಪಾಗಿ ಓದದೆ ಇರುವುದು ಹೇಗೆ ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಇಂಜಿನ್ನಿನ ಗಣಕಕ್ಕೆ ತನ್ನ ದೋಷವನ್ನು ತಾನೇ ಗುರುತಿಸಿ ಬರೆದಿಟ್ಟುಕೊಳ್ಳಲು ಕಲಿಸಿದ್ದು ಮಾಲೀಕರ ಅನುಕೂಲಕ್ಕಲ್ಲ, ಹೊಗೆಯ ನಿಯಂತ್ರಣಕ್ಕೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1988ರ ಮಾದರಿಯ ಕಾರುಗಳಿಂದ ಇದನ್ನು ಕಡ್ಡಾಯ ಮಾಡಿತು. ಆಗ ಒಂದೊಂದು ಕಂಪನಿಯದು ಒಂದೊಂದು ಪ್ಲಗ್, ಒಂದೊಂದು ಭಾಷೆ. 1996ರ ಮಾದರಿಯಿಂದ ಇಡೀ ಅಮೆರಿಕಕ್ಕೆ ಒಂದೇ ಪ್ಲಗ್, ಒಂದೇ ಸಂಕೇತಕೋಶ ಬಂತು. ಇದಕ್ಕೆ ಓಬಿಡಿ-2 ಎಂದು ಹೆಸರು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4ರ ಜೊತೆಗೆ 2010ರ ಏಪ್ರಿಲಿನಲ್ಲಿ ಇದರ ಮೊದಲ ಹಂತವೂ, 2013ರ ಏಪ್ರಿಲಿನಲ್ಲಿ ಎರಡನೆಯ ಹಂತವೂ ಜಾರಿಗೆ ಬಂದವು. ಆದ್ದರಿಂದ ನಿಮ್ಮ ಕಾರು 2013ರ ಈಚಿನದಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದಕ್ಕಿಂತ ಹಳೆಯದಾದರೆ ಪ್ಲಗ್ ಸರಿಯಾಗಿ ಕೂತರೂ ಗಾಡಿ ಉತ್ತರ ಕೊಡದೆ ಇರಬಹುದು. ಸ್ಕೂಟರು, ಬೈಕುಗಳಲ್ಲಿ 2020ರ ಭಾರತ್ ಸ್ಟೇಜ್ 6ರಿಂದ ಇಂಥ ವ್ಯವಸ್ಥೆ ಬಂದಿದೆ, ಆದರೆ ಅಲ್ಲಿ ಪ್ಲಗ್ಗಿನ ಆಕಾರ ಬೇರೆಯಾದ್ದರಿಂದ ಬೇರೆ ಕೇಬಲ್ ಬೇಕಾಗುತ್ತದೆ.

ಕಾರಿನಲ್ಲಿ ಈ ಪ್ಲಗ್ ಚಾಲಕನ ಮೊಣಕಾಲಿನ ಮೇಲ್ಗಡೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಇರುತ್ತದೆ. ಹದಿನಾರು ತೂತುಗಳ ಎರಡು ಸಾಲು, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಕೆಲವು ಗಾಡಿಗಳಲ್ಲಿ ಸಣ್ಣ ಮುಚ್ಚಳ ಹಾಕಿರುತ್ತಾರೆ. ಬಗ್ಗಿ ಟಾರ್ಚು ಬಿಟ್ಟು ನೋಡಿದರೆ ಸಿಗುತ್ತದೆ.

ಅದಕ್ಕೆ ಸಿಕ್ಕಿಸುವ ಅಗ್ಗದ ಉಪಕರಣ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇದರ ಮೂಲ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿ 2005ರಲ್ಲಿ ಹೊರತಂದ ಇ.ಎಲ್.ಎಂ. 327 ಎಂಬ ಚಿಪ್ಪು. ಮೊದಲ ಆವೃತ್ತಿಗೆ ನಕಲು ಮಾಡದಂತೆ ಬೀಗ ಹಾಕಿರಲಿಲ್ಲವಾಗಿ ಪ್ರಪಂಚದ ತುಂಬ ಅದರ ನಕಲುಗಳು ಹರಡಿಕೊಂಡವು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲುಗಳು ಮಾತ್ರ ಕೆಲವು ನೂರು ರೂಪಾಯಿಗೆ ಈಗಲೂ ಸಿಗುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಅರೆಬರೆ ಕೆಲಸ ಮಾಡುವವೂ ಇವೆ. ತೀರ ಅಗ್ಗದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು, ಹಿಂತಿರುಗಿಸುವ ಅವಕಾಶವಿರುವ ಕಡೆ ಕೊಳ್ಳುವುದು ಒಳ್ಳೆಯದು. ಆಂಡ್ರಾಯ್ಡ್ ಮೊಬೈಲಿಗೆ ಸಾಧಾರಣ ಬ್ಲೂಟೂತ್ ಸಾಕು. ಐಫೋನ್ ಇರುವವರು ವೈಫೈ ಇರುವುದನ್ನೋ, ಐಫೋನಿಗೆ ಹೊಂದುವುದೆಂದು ಸ್ಪಷ್ಟವಾಗಿ ಬರೆದಿರುವ ಬ್ಲೂಟೂತ್ ಉಪಕರಣವನ್ನೋ ಕೇಳಿ ತೆಗೆದುಕೊಳ್ಳಬೇಕು. ಉಪಕರಣವನ್ನು ಪ್ಲಗ್ಗಿಗೆ ಸಿಕ್ಕಿಸಿ, ಕೀಲಿಕೈಯನ್ನು ಇಂಜಿನ್ ಸ್ಟಾರ್ಟ್ ಆಗುವ ಮುಂಚಿನ ಸ್ಥಾನಕ್ಕೆ ತಿರುಗಿಸಿ, ಮೊಬೈಲಿನಲ್ಲಿ ಟಾರ್ಕ್‌ನಂಥ ಒಂದು ಆ್ಯಪ್ ತೆರೆದರೆ ಸಂಕೇತಗಳು ಬರುತ್ತವೆ.

ಸಂಕೇತದಲ್ಲಿ ಒಂದು ಅಕ್ಷರ, ನಾಲ್ಕು ಅಂಕೆ. "ಪಿ" ಎಂದರೆ ಇಂಜಿನ್ ಮತ್ತು ಗೇರ್‌ಬಾಕ್ಸ್. ಮೊದಲ ಅಂಕೆ ಸೊನ್ನೆಯಾದರೆ ಎಲ್ಲ ಕಂಪನಿಗಳಿಗೂ ಅರ್ಥ ಒಂದೇ, 1 ಆದರೆ ಆಯಾ ಕಂಪನಿಯ ಸ್ವಂತದ್ದು. ಎರಡನೆಯ ಅಂಕೆ ವಿಭಾಗ ಹೇಳುತ್ತದೆ: 1 ಮತ್ತು 2 ಇಂಧನ ಹಾಗೂ ಗಾಳಿ, 3 ಕಿಡಿ ಹೊತ್ತಿಸುವ ವ್ಯವಸ್ಥೆ, 4 ಹೊಗೆ ನಿಯಂತ್ರಣ, 7 ಮತ್ತು 8 ಗೇರ್‌ಬಾಕ್ಸ್. ಉಳಿದದ್ದನ್ನು ಆ್ಯಪ್ ತಾನೇ ಬಿಡಿಸಿ ಹೇಳುತ್ತದೆಯಾದ್ದರಿಂದ ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗಣಕಕ್ಕೆ ಕಣ್ಣಿಲ್ಲ, ಅದಕ್ಕೆ ತಿಳಿಯುವುದು ಸೆನ್ಸರುಗಳು ಕಳಿಸುವ ವಿದ್ಯುತ್ ಸಂಜ್ಞೆ ಮಾತ್ರ. ಅಲ್ಲಿ ಲೆಕ್ಕ ತಪ್ಪಿದರೆ ತಪ್ಪಿತೆಂದು ಬರೆಯುತ್ತದೆ. ಅಂದರೆ ಸಂಕೇತವು ದೂರು, ತೀರ್ಪಲ್ಲ. ಸಾಕ್ಷಿ ಹೇಳಿದವನನ್ನೇ ಜೈಲಿಗೆ ಹಾಕಿದಂತೆ ನನ್ನ ಆಕ್ಸಿಜನ್ ಸೆನ್ಸರನ್ನು ಕಿತ್ತು ಹಾಕಲಾಗಿತ್ತು.

ಅದು ಹೇಗೆಂದು ನೋಡೋಣ. ಪೆಟ್ರೋಲ್ ಇಂಜಿನ್ನಿನಲ್ಲಿ ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಬೇಕು. ಉರಿದ ಮೇಲೆ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿಯಿತೆಂದು ಸೈಲೆನ್ಸರಿನ ಕಡೆ ಹೋಗುವ ಕೊಳವೆಯಲ್ಲಿರುವ ಸೆನ್ಸರ್ ತಿಳಿಸುತ್ತದೆ. ಹೆಚ್ಚು ಉಳಿದಿದ್ದರೆ ಗಣಕ ಪೆಟ್ರೋಲನ್ನು ಹೆಚ್ಚಿಸುತ್ತದೆ, ಕಡಿಮೆಯಾದರೆ ಇಳಿಸುತ್ತದೆ. ಈ ಏರಿಳಿತವನ್ನು ಆ್ಯಪ್‌ನಲ್ಲಿ "ಫ್ಯೂಯೆಲ್ ಟ್ರಿಮ್" ಎಂಬ ಹೆಸರಿನಲ್ಲಿ ಶೇಕಡಾವಾರು ನೋಡಬಹುದು. ಹೆಚ್ಚೂಕಡಿಮೆ ಹತ್ತರೊಳಗೆ ಇದ್ದರೆ ಆರೋಗ್ಯ. ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿದರೂ ಗಣಕ ಪೆಟ್ರೋಲು ಸೇರಿಸುತ್ತ ತೂಗಿಸಿಕೊಂಡು ಹೋಗುತ್ತದೆ. ಆದ್ದರಿಂದಲೇ ಗಾಡಿ ಓಡುವುದರಲ್ಲಿ ನಮಗೆ ವ್ಯತ್ಯಾಸ ಕಾಣುವುದಿಲ್ಲ. ತಿದ್ದುಪಡಿ 20-25ರ ಸುಮಾರಿಗೆ ಏರಿದಾಗ ಅದು ಕೈಚೆಲ್ಲಿ ದೀಪ ಹಚ್ಚುತ್ತದೆ.

ನನ್ನ ಗಾಡಿಯನ್ನು ನಿಲ್ಲಿಸಿ, ಆಕ್ಸಿಲರೇಟರ್ ಒತ್ತದೆ ಇಂಜಿನ್ ತಾನಾಗಿ ತಿರುಗುವಾಗ ನೋಡಿದೆ: 24. ನಿಂತಲ್ಲಿಯೇ ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ 2500 ಸುತ್ತಿಗೆ ಏರಿಸಿದಾಗ 6ಕ್ಕೆ ಇಳಿಯಿತು. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಇದೊಂದು ಒಳ್ಳೆಯ ಸುಳಿವು. ಸಣ್ಣ ಬಿರುಕಿನಿಂದ ಕಳ್ಳಗಾಳಿ ಬರುತ್ತಿದ್ದರೆ, ಇಂಜಿನ್ ಕಡಿಮೆ ಗಾಳಿ ಕುಡಿಯುವಾಗ ಅದರ ಪಾಲು ದೊಡ್ಡದು, ಹೆಚ್ಚು ಕುಡಿಯುವಾಗ ಚಿಕ್ಕದು. ಬದಲಿಗೆ ವೇಗ ಹೆಚ್ಚಿಸಿದಂತೆ, ಏರು ಹತ್ತಿದಂತೆ ಅಂಕಿ ಮೇಲೇರಿದರೆ ಪೆಟ್ರೋಲು ಸಾಲದೆ ಬರುತ್ತಿರುವ, ಅಂದರೆ ಪಂಪು ಅಥವಾ ಫಿಲ್ಟರಿನ ಕಡೆ ಅನುಮಾನ ಪಡಬೇಕು.

ಈ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ನಮ್ಮ ಬಡಾವಣೆಯ ಹಳೆಯ ಮೇಸ್ತ್ರಿಯ ಬಳಿಗೆ ಹೋದೆ. ಅವರು ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಬೆರಳ ಗಾತ್ರದ ಒಂದು ರಬ್ಬರ್ ಕೊಳವೆಯನ್ನು ಹಿಂಡಿದರು. ಇಂಜಿನ್ನಿನ ಸದ್ದೇ ಬದಲಾಯಿತು. ಕೊಳವೆಯ ತಳಭಾಗ ಸೀಳಿತ್ತು. ಹೊಸದಕ್ಕೆ ಆದ ಖರ್ಚು ಇನ್ನೂರು ರೂಪಾಯಿಯ ಒಳಗೆ. ತೆಗೆದು ಹಾಕಿದ ಸೆನ್ಸರಿನ ಹಣ ಮಾತ್ರ ಬರಲಿಲ್ಲವೆನ್ನಿ.

ಇನ್ನೊಂದು ಉದಾಹರಣೆ, ಪಿ-0113. ಒಳಬರುವ ಗಾಳಿಯ ಉಷ್ಣತೆ ತಿಳಿಸುವ ಸೆನ್ಸರಿನ ಸಂಜ್ಞೆ ಮಿತಿ ಮೀರಿದೆ ಎಂಬ ದೂರು. ಆ್ಯಪ್‌ನಲ್ಲಿ ಉಷ್ಣತೆ ನೋಡಿದರೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದಿರುತ್ತದೆ! ದಾವಣಗೆರೆಯ ಬೇಸಗೆಯಲ್ಲಿ ಹೀಗೆ ತೋರಿಸಿದರೆ ಏನರ್ಥ? ತಂತಿ ಎಲ್ಲೋ ಕಡಿದಿದೆ ಅಥವಾ ಕನೆಕ್ಟರ್ ಕಳಚಿದೆ ಎಂದು. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಸಂಸಾರ ಹೂಡುವ ಇಲಿಗಳು ವೈರು ಕಡಿಯುವುದು ನಮ್ಮಲ್ಲಿ ಹೊಸ ಸಂಗತಿಯಲ್ಲ. ಸೆನ್ಸರ್ ಕೊಳ್ಳುವ ಮುಂಚೆ ವೈರನ್ನೊಮ್ಮೆ ಕಣ್ಣಾರೆ ನೋಡಬೇಡವೇ?

ಮೂರನೆಯದು ಪಿ-0301ರಿಂದ ಆರಂಭವಾಗುವ ಸಾಲು. ಮೇಸ್ತ್ರಿಗಳ ಮಾತಿನಲ್ಲಿ "ಮಿಸ್ಸಿಂಗ್". ಕೊನೆಯ ಅಂಕೆ ಸಿಲಿಂಡರಿನ ಸಂಖ್ಯೆ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಾದರೆ, ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಒಂದನೆಯ ಮತ್ತು ಎರಡನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿಸಿ. ಸಂಕೇತ ಪಿ-0302 ಆಗಿ ಬದಲಾದರೆ ಕಾಯಿಲ್ ಕೆಟ್ಟಿರುವುದು ಖಚಿತ. ಬದಲಾಗದಿದ್ದರೆ ಸ್ಪಾರ್ಕ್ ಪ್ಲಗ್ಗಿನ ಸರದಿ, ಆಮೇಲೆ ಇಂಜೆಕ್ಟರ್. ಒಂದು ರೂಪಾಯಿಯ ಸಾಮಾನು ಕೊಳ್ಳದೆ ಮಾಡಬಹುದಾದ ಪರೀಕ್ಷೆ ಇದು.

ಇಲ್ಲಿಯೇ ಒಂದು ಎಚ್ಚರಿಕೆ. ದೀಪ ಸ್ಥಿರವಾಗಿ ಉರಿದು, ಗಾಡಿ ಸರಿಯಾಗಿಯೇ ಓಡುತ್ತಿದ್ದರೆ ನಿಧಾನವಾಗಿ ಊರು ಸೇರಬಹುದು. ಆದರೆ ದೀಪ ಮಿಣುಕಾಡುತ್ತ ಇಂಜಿನ್ ಅದುರುತ್ತಿದ್ದರೆ, ಉರಿಯದ ಪೆಟ್ರೋಲು ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಅದು ಕೆಂಪಗೆ ಕಾದು ಹಾಳಾಗುತ್ತದೆ. ಬೆಲೆ ಹತ್ತಾರು ಸಾವಿರ. ಅದರ ಅಡಿಯಲ್ಲಿ ಒಣಹುಲ್ಲು, ಒಣ ಎಲೆ ಇದ್ದರೆ ಬೆಂಕಿಯ ಭಯವೂ ಉಂಟು. ಶಿರಾಡಿ ಘಾಟಿಯ ಏರಿನಲ್ಲಿ ಹೀಗಾದರೆ, "ಇನ್ನೇನು ಸಕಲೇಶಪುರ ಬಂತು" ಎಂದು ಒತ್ತಿ ಓಡಿಸಬೇಡಿ. ಆಕ್ಸಿಲರೇಟರ್ ಸಡಿಲಿಸಿ, ಜಾಗ ನೋಡಿ ನಿಲ್ಲಿಸಿ. ಎಣ್ಣೆಯ ದೀಪ ಅಥವಾ ಬಿಸಿಯ ಕೆಂಪು ದೀಪವಾದರಂತೂ ಸಂಕೇತ ಓದುವ ಮಾತೇ ಇಲ್ಲ. ಕೂಡಲೆ ನಿಲ್ಲಿಸಿ ಇಂಜಿನ್ ಆರಿಸಬೇಕು.

ಉಪಕರಣ ಕೈಗೆ ಬಂದವರು ಮಾಡುವ ದೊಡ್ಡ ತಪ್ಪು, ಸಂಕೇತ ಕಂಡೊಡನೆ ಅಳಿಸಿಬಿಡುವುದು. ಅಳಿಸಿದರೆ ದೀಪ ಆರುತ್ತದೆ, ದೋಷ ಹೋಗುವುದಿಲ್ಲ. ಜೊತೆಗೆ ಒಂದು ಅಮೂಲ್ಯ ದಾಖಲೆಯೂ ಅಳಿದು ಹೋಗುತ್ತದೆ. ದೋಷ ದಾಖಲಾದ ಕ್ಷಣದಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದನ್ನು ಗಣಕ ಫೋಟೋ ಹಿಡಿದಂತೆ ಹಿಡಿದಿಡುತ್ತದೆ. ಇದನ್ನು "ಫ್ರೀಜ್ ಫ್ರೇಮ್" ಎನ್ನುತ್ತಾರೆ. ಮೊದಲು ಅದರ ಚಿತ್ರ ತೆಗೆದುಕೊಳ್ಳಿ ಅಥವಾ ಬರೆದುಕೊಳ್ಳಿ. ಬ್ಯಾಟರಿಯ ತಂತಿ ಬಿಚ್ಚಿದರೂ ಹಲವು ಗಾಡಿಗಳಲ್ಲಿ ಇದು ಅಳಿಯುತ್ತದೆ, ಆದ್ದರಿಂದ ಮೇಸ್ತ್ರಿ ಬ್ಯಾಟರಿಗೆ ಕೈಹಾಕುವ ಮುಂಚೆಯೇ ಈ ಕೆಲಸ ಆಗಲಿ. ರಿಪೇರಿ ನಿಜವಾಗಿ ಆಗಿದ್ದರೆ, ಸಾಮಾನ್ಯವಾಗಿ ಮೂರು ಸಲ ತೊಂದರೆಯಿಲ್ಲದೆ ಓಡಿದ ಮೇಲೆ ದೀಪ ತಾನಾಗಿಯೇ ಆರುತ್ತದೆ.

ಇನ್ನು ಮೇಸ್ತ್ರಿಗಳ ವಿಷಯ. ಮಾಲೀಕ ಸ್ಕ್ಯಾನರ್ ಹಿಡಿದು ಬಂದರೆ ಕೆಲವರಿಗೆ ಮುಖ ಸಣ್ಣಗಾಗುವುದುಂಟು. ಅವರದೂ ತಪ್ಪಲ್ಲ, ಅರೆಬರೆ ತಿಳಿದವರ ಕಾಟ ಅವರಿಗೆ ಕಡಿಮೆಯಿಲ್ಲ. ನಾನು ಕಂಡುಕೊಂಡ ದಾರಿ ಇದು: "ಸೆನ್ಸರ್ ಹಾಕಿ" ಎಂದು ಹೇಳುವುದಿಲ್ಲ. "ಈ ಸಂಕೇತ ಬಂದಿದೆ, ತಣ್ಣಗಿರುವಾಗ ಬಂತು, ನಿಂತಾಗ ಇಷ್ಟು ತೋರಿಸುತ್ತದೆ, ನೀವೇ ನೋಡಿ" ಎನ್ನುತ್ತೇನೆ. ಒಂದು ಭಾಗ ಬದಲಾಯಿಸಬೇಕೆಂದು ಅವರು ಹೇಳಿದಾಗ, ಅದೇ ಕೆಟ್ಟಿದೆಯೆಂದು ಹೇಗೆ ಗೊತ್ತಾಯಿತೆಂದು ಕೇಳುತ್ತೇನೆ. ಕೆಲಸ ಬಲ್ಲವರು ಇದಕ್ಕೆ ಬೇಸರಿಸುವುದಿಲ್ಲ, ತೋರಿಸಿಯೇ ಹೇಳುತ್ತಾರೆ.

ಈ ಅಗ್ಗದ ಉಪಕರಣಕ್ಕೆ ಮಿತಿಗಳೂ ಇವೆ. ಬಹುತೇಕ ಇಂಜಿನ್ನಿನ ಸಂಕೇತಗಳಷ್ಟೇ ಅದಕ್ಕೆ ಸಿಗುತ್ತವೆ. ಬ್ರೇಕಿನ ಎಬಿಎಸ್, ಏರ್‌ಬ್ಯಾಗ್ ದೀಪ ಹೊತ್ತಿದರೆ ಅದಕ್ಕೆ ತಕ್ಕ ಸ್ಕ್ಯಾನರ್ ಇರುವಲ್ಲಿಗೇ ಹೋಗಬೇಕು. ಏರ್‌ಬ್ಯಾಗಿನ ವೈರುಗಳನ್ನಂತೂ ಮನೆಯಲ್ಲಿ ಮುಟ್ಟಲೇಬಾರದು. ಗಾಡಿ ಓಡಿಸುತ್ತ ಮೊಬೈಲಿನ ಅಂಕಿಗಳನ್ನು ನೋಡಬೇಡಿ, ನೋಡಲೇಬೇಕಾದರೆ ಪಕ್ಕದಲ್ಲಿ ಕೂತವರಿಗೆ ಕೊಡಿ. ಕೆಲಸ ಮುಗಿದ ಮೇಲೆ ಉಪಕರಣವನ್ನು ಪ್ಲಗ್ಗಿನಿಂದ ತೆಗೆದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಡಿ. ಆ ಪ್ಲಗ್ಗಿಗೆ ಕೀಲಿ ತೆಗೆದ ಮೇಲೂ ಬ್ಯಾಟರಿಯಿಂದ ವಿದ್ಯುತ್ ಬರುತ್ತಲೇ ಇರುತ್ತದೆ; ವಾರಗಟ್ಟಲೆ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗದೆ ಹೋದೀತು. ಬಹಳಷ್ಟು ನಕಲುಗಳ ಬ್ಲೂಟೂತ್ ಗುಪ್ತಸಂಖ್ಯೆ 1234 ಅಥವಾ 0000 ಆಗಿರುವುದರಿಂದ, ಸಿಕ್ಕಿಸಿಯೇ ಬಿಟ್ಟರೆ ಪಕ್ಕದಲ್ಲಿ ಗಾಡಿ ನಿಲ್ಲಿಸಿದವರೂ ಅದರೊಡನೆ ಸಂಪರ್ಕ ಮಾಡಬಹುದು.