ಬಂದೂಕಿಗೆ ಯಾವ ಎಣ್ಣೆ?

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಎಣ್ಣೆಕಾಳು ಬೆಳೆಗಳ ಬಗ್ಗೆ ಮಾತನಾಡಬೇಕಾದ ಬೇಸಾಯಶಾಸ್ತ್ರದ ಮೇಷ್ಟ್ರು ಬಂದೂಕಿನ ವಿಷಯ ಎತ್ತಿಕೊಂಡದ್ದು ಯಾಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಗುಡ್ಡದ ಅಂಚಿನ ಹೊಲಗಳಲ್ಲಿ ಕಾಡುಹಂದಿಯ ಕಾಟ ಎಷ್ಟೆಂಬುದು ತಮಗೆ ಗೊತ್ತು. ಬೆಳೆರಕ್ಷಣೆಗೆಂದು ಪರವಾನಿಗೆ ಪಡೆದ ಬಂದೂಕು ಕೆಲವು ಮನೆಗಳಲ್ಲಿದೆ. ಅದಕ್ಕೆ ಏನು ಹಚ್ಚುತ್ತೀರಿ ಎಂದು ಕೇಳಿದರೆ ‘ಮನೆ ಎಣ್ಣೆ ಐತಲ್ಲ ಸಾರ್’ ಎನ್ನುತ್ತಾರೆ. ಗಿರಣಿಗಳಿಂದಾಗಿ ಎಣ್ಣೆ ನಗರವೆಂದೇ ಹೆಸರಾದ ಚಳ್ಳಕೆರೆಯಲ್ಲಿ ನಿಂತು ‘ಎಣ್ಣೆಯನ್ನು ಬೇರೆ ಅಂಗಡಿಯಿಂದ ತನ್ನಿ’ ಎಂದರೆ ನಗು ಬರುವುದು ಸಹಜ. ಆದರೂ ಹೇಳುತ್ತೇನೆ: ಗಾಣದ ಎಣ್ಣೆ ಒಗ್ಗರಣೆಗೆ ಸರಿ, ಬಂದೂಕಿನ ಕಬ್ಬಿಣಕ್ಕೆ ಸರಿಯಲ್ಲ.

ಅದಕ್ಕೂ ಮೊದಲು ಕಾನೂನಿನ ಮಾತೊಂದು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪಡೆದ ಪರವಾನಿಗೆ ಬಂದೂಕು ಇಟ್ಟುಕೊಳ್ಳುವುದಕ್ಕೇ ಹೊರತು ಬೇಟೆಗೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕಾಡುಹಂದಿಯೂ ಸೇರಿದೆ. ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆದೇಶವಿಲ್ಲದೆ ಅದನ್ನು ಹೊಡೆಯುವಂತಿಲ್ಲ. ಕರಡಿ, ನವಿಲು, ಕೃಷ್ಣಮೃಗ ಮೊದಲನೆಯ ಅನುಸೂಚಿಯವು. ಅವುಗಳ ತಂಟೆಯೇ ಬೇಡ.

ಈಗ ಎಣ್ಣೆಗೆ ಬರೋಣ. ಬೀಜದಿಂದ ತೆಗೆದ ಎಣ್ಣೆಗಳೆಲ್ಲ ಗಾಳಿಯ ಆಮ್ಲಜನಕವನ್ನು ಹೀರುತ್ತವೆ. ಕೆಲವು ಬೇಗ, ಕೆಲವು ನಿಧಾನ. ಇದನ್ನು ಅಳೆಯಲು ನಾವು ಅಯೋಡಿನ್ ಸಂಖ್ಯೆ ಎಂಬ ಲೆಕ್ಕ ಬಳಸುತ್ತೇವೆ. ಅಗಸೆ ಎಣ್ಣೆಗೆ ಇದು 170ಕ್ಕಿಂತ ಮೇಲು, ಕುಸುಬೆ ಎಣ್ಣೆಗೆ 140ರ ಆಸುಪಾಸು, ಶೇಂಗಾ ಎಣ್ಣೆಗೆ ಸುಮಾರು 85ರಿಂದ 100, ಹರಳೆಣ್ಣೆಗೆ 85ರ ಸುತ್ತ, ಕೊಬ್ಬರಿ ಎಣ್ಣೆಗೆ 10ರ ಆಸುಪಾಸು. ಸಂಖ್ಯೆ ಹೆಚ್ಚಿದಷ್ಟೂ ಎಣ್ಣೆ ಬೇಗ ಒಣಗಿ ಪೊರೆ ಕಟ್ಟುತ್ತದೆ. ಶೇಂಗಾ ಎಣ್ಣೆ ಅಗಸೆಯಂತೆ ಗಟ್ಟಿಯಾಗಿ ಒಣಗುವುದಿಲ್ಲ, ನಿಜ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಕಬ್ಬಿಣದ ಮೇಲೆ ತೆಳ್ಳಗೆ ಹರಡಿದ ಎಣ್ಣೆ ನಾಲ್ಕಾರು ತಿಂಗಳಲ್ಲಿ ಮೊದಲು ಕಮಟುತ್ತದೆ, ಆಮೇಲೆ ಅಂಟಾಗುತ್ತದೆ. ಕಮಟಿದ ಎಣ್ಣೆಯಲ್ಲಿರುವ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ, ಅಂಟು ಧೂಳನ್ನು ಹಿಡಿಯುತ್ತದೆ. ಒಗ್ಗರಣೆ ಬಾಣಲೆಯ ಹೊರಮೈಗೆ ಕಟ್ಟಿದ ಜಿಡ್ಡನ್ನು ಉಗುರಿನಿಂದ ಕೆರೆದು ನೋಡಿ. ಬಂದೂಕಿನ ಕುದುರೆಯ ಸಂದಿನಲ್ಲಿ ಕಟ್ಟುವುದೂ ಅಂಥದ್ದೇ. ಎತ್ತಿದ ಕುದುರೆ ಸರಿಯಾಗಿ ಕಚ್ಚಿಕೊಳ್ಳದೆ, ಬೆರಳು ಸೋಕುವ ಮೊದಲೇ ಜಾರಿದರೆ ಎದುರಿಗಿದ್ದವರ ಗತಿಯೇನು?

‘ಬಂಡಿಗೆ ತಲೆತಲಾಂತರದಿಂದ ಹರಳೆಣ್ಣೆ ಹಾಕುತ್ತಿದ್ದೆವಲ್ಲ?’ ಎಂದು ಹಿರಿಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹರಳೆಣ್ಣೆ ದಪ್ಪವಾದ, ಅಚ್ಚಿಗೆ ಹಿಡಿದು ನಿಲ್ಲುವ ಎಣ್ಣೆ. ಒಂದು ಕಾಲಕ್ಕೆ ವಿಮಾನದ ಎಂಜಿನ್ನುಗಳಿಗೂ ಅದನ್ನು ಹಾಕುತ್ತಿದ್ದರು. ಆದರೆ ಬಂಡಿಯ ಗಾಲಿ ತಿರುಗುತ್ತಲೇ ಇರುತ್ತದೆ, ಕೀಲೆಣ್ಣೆ ಆಗಾಗ ಹೊಸದಾಗಿ ಬೀಳುತ್ತದೆ, ಹಳೆಯದು ಹೊರಕ್ಕೆ ಬರುತ್ತದೆ. ಬಂದೂಕು ವರ್ಷದಲ್ಲಿ ಹನ್ನೊಂದು ತಿಂಗಳು ಮೂಲೆಯಲ್ಲಿ ನಿಂತಿರುತ್ತದೆ. ಓಡುವ ಯಂತ್ರದ ಎಣ್ಣೆ ಬೇರೆ, ನಿಂತ ಯಂತ್ರದ ಎಣ್ಣೆ ಬೇರೆ. ಕೊಬ್ಬರಿ ಎಣ್ಣೆ ಅಂಟಾಗುವುದು ಕಡಿಮೆ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ರಾತ್ರಿ ಹೊಲದ ಮಂಚಿಕೆಯ ಮೇಲೆ ಕೂತವರಿಗೆ ಆ ಚಳಿ ಹೊಸದಲ್ಲ.

ಹಾಗಾದರೆ ಯಾವುದು? ನೆಲದಿಂದ ತೆಗೆದ ಖನಿಜ ತೈಲ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಕೀಲು, ಸಂದುಗಳಿಗೆ ಒಂದೊಂದು ತೊಟ್ಟು ಸಾಕು. ಬಂದೂಕಿನ ಅಂಗಡಿಯವರು ಮಾರುವ ಎಣ್ಣೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಅದರಲ್ಲಿ ತುಕ್ಕು ತಡೆಯುವ ವಸ್ತು ಸೇರಿಸಿರುತ್ತಾರೆ. ತಿಂಗಳುಗಟ್ಟಲೆ ಇಡುವುದಾದರೆ ನಳಿಗೆಗೆ ವ್ಯಾಸಲೀನು ಅಥವಾ ಒಳ್ಳೆಯ ಗ್ರೀಸನ್ನು ತೆಳ್ಳಗೆ ಸವರಬಹುದು. ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆಯನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಮಸಿ, ಆಮ್ಲ, ಲೋಹದ ಪುಡಿ ಎಲ್ಲ ಇವೆ. ಬ್ರೇಕ್ ಎಣ್ಣೆ ಎಣ್ಣೆಯೇ ಅಲ್ಲ. ಅದು ತೇವ ಹೀರುತ್ತದೆ, ಮರದ ವಾರ್ನಿಷನ್ನೂ ಎಬ್ಬಿಸುತ್ತದೆ. ಡಬ್ಬಿಯಿಂದ ಚಿಮ್ಮಿಸುವ ಡಬ್ಲ್ಯೂಡಿ-40 ಈಗ ಹಳ್ಳಿಗೂ ಬಂದಿದೆ. 1953ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡಿದ್ದೇ ಲೋಹದ ಮೇಲಿನ ನೀರನ್ನು ಓಡಿಸುವುದಕ್ಕೆ. ಮಳೆಯಲ್ಲಿ ನೆನೆದ ಬಂದೂಕಿಗೆ ಅದು ಸರಿ, ಆದರೆ ಅದರ ಪೊರೆ ಬಹಳ ತೆಳು. ಅದರ ಮೇಲೆ ನಿಜವಾದ ಎಣ್ಣೆ ಹಚ್ಚಲೇಬೇಕು.

ಹೆಚ್ಚಿನವರು ಎಡವುವುದು ಎಣ್ಣೆ ಹಚ್ಚುವುದಕ್ಕೂ ಮೊದಲು, ತೊಳೆಯುವುದರಲ್ಲಿ. ಮೂತಿಯಿಂದ ಮದ್ದು ತುಂಬುವ ನಾಡಬಂದೂಕಿನ ಕರಿಮದ್ದು ಸುಟ್ಟ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ತೂಕ ಘನವಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹೋಗುತ್ತದೆ, ಮಿಕ್ಕಿದ್ದು ನಳಿಗೆಗೆ ಅಂಟುತ್ತದೆ. ಅದು ಬರೀ ಮಸಿಯಲ್ಲ, ಪೊಟ್ಯಾಷಿನ ಲವಣಗಳು. ಗಾಳಿಯ ತೇವವನ್ನು ಎಳೆದುಕೊಂಡು ಒಂದೆರಡು ದಿನದಲ್ಲೇ ತುಕ್ಕು ಹಿಡಿಸುತ್ತವೆ. ಕೇಪಿನಲ್ಲಿ ಕ್ಲೋರೇಟು ಇದ್ದರಂತೂ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡು, ಅಂದರೆ ನೀವು ಹೊಲಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಈ ಉಪ್ಪು ಎಣ್ಣೆಯಲ್ಲಿ ಕರಗದು, ಸೀಮೆಎಣ್ಣೆಯಲ್ಲೂ ಕರಗದು, ನೀರಿನಲ್ಲಿ ಮಾತ್ರ ಕರಗುತ್ತದೆ. ಉಪ್ಪಿನ ಮೇಲೆ ಎಣ್ಣೆ ಸವರುವುದೆಂದರೆ ಹುಣ್ಣನ್ನು ತೊಳೆಯದೆ ಪಟ್ಟಿ ಕಟ್ಟಿದ ಹಾಗೆ.

ಆದುದರಿಂದ ಹಾರಿಸಿದ ದಿನವೇ, ನಳಿಗೆಯನ್ನು ಮರದಿಂದ ಬಿಡಿಸಿ, ಕುದಿಯುವ ನೀರಿನಿಂದ ತೊಳೆಯಿರಿ. ಬಿಡಿಸುವ ಮುನ್ನ ಸಲಾಕೆ ಇಳಿಸಿ ಅಳತೆ ನೋಡಿ. ಅದು ಬುಡ ಮುಟ್ಟದಿದ್ದರೆ ಒಳಗೆ ಮದ್ದಿದೆ ಎಂದೇ ತಿಳಿಯಬೇಕು. ಬಡಿದು ತೆಗೆಯಲು ಹೋಗದೆ ಪರವಾನಿಗೆಯುಳ್ಳ ರಿಪೇರಿಯವರನ್ನು ವಿಚಾರಿಸಿ. ನಮ್ಮ ಕೊಳವೆಬಾವಿಗಳ ನೀರು ಬಹಳ ಕಡೆ ಸವುಳು. ಅದರಿಂದ ತೊಳೆದರೆ ಒಂದು ಉಪ್ಪು ಹೋಗಿ ಇನ್ನೊಂದು ಬಂದಂತಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಬಿಂದಿಗೆ ತಂದು ಕಾಯಿಸಿಕೊಳ್ಳಿ. ನೀರು ಕುದಿಯುತ್ತಿದ್ದರೆ ಕಬ್ಬಿಣವೂ ಬಿಸಿಯಾಗಿ ತಾನೇ ಒಣಗುತ್ತದೆ. ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿ, ಬಿಸಿಯಿರುವಾಗಲೇ ಎಣ್ಣೆ ಹಚ್ಚಿ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಚೂರಿಗೆ ಬರವಿಲ್ಲವಾದರೂ ಈ ಕೆಲಸಕ್ಕೆ ಹಳೆಯ ಹತ್ತಿ ಪಂಚೆಯೇ ಆಗಬೇಕು.

ತೋಟಾ ಹಾಕುವ ಬಂದೂಕಿಗೆ ನೀರಿನ ಅಗತ್ಯ ಸಾಮಾನ್ಯವಾಗಿ ಇಲ್ಲ. ಬಣ್ಣದ ಅಂಗಡಿಯ ಟರ್ಪೆಂಟೈನು ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು. ಆದರೆ ಸೀಮೆಎಣ್ಣೆ ಹಳೆಯ ಜಿಡ್ಡನ್ನು ತೆಗೆದು ತಾನೂ ಆರಿಹೋಗುತ್ತದೆ. ಕಬ್ಬಿಣ ಬರಿಮೈ ಆಗುತ್ತದೆ. ಹಾಗೇ ಬಿಟ್ಟರೆ ತೊಳೆಯದಿದ್ದುದಕ್ಕಿಂತ ಬೇಗ ತುಕ್ಕು ಬರಬಹುದು. ಪೆಟ್ರೋಲು ಬೇಡ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಹುಣಸೆಹುಳಿ, ಬೂದಿ, ಮರಳು ಹಿತ್ತಾಳೆ ಚೊಂಬಿಗೆ ಇರಲಿ. ಆಯುಧಪೂಜೆಯ ಮರುದಿನ ಅರಿಸಿನ ಕುಂಕುಮವನ್ನೂ ನಿಂಬೆರಸವನ್ನೂ ಒರೆಸಿ ಎಣ್ಣೆ ಹಚ್ಚಿದರೆ ದೇವರು ಕೋಪಿಸಿಕೊಳ್ಳುವುದಿಲ್ಲ.

ಎಣ್ಣೆಯನ್ನು ಎಲ್ಲೆಲ್ಲಿ ಹಚ್ಚಬಾರದು ಎಂಬುದೂ ತಿಳಿದಿರಬೇಕು. ತೋಟಾ ಮತ್ತು ಕೇಪುಗಳ ಹತ್ತಿರ ಎಣ್ಣೆಯ ಕೈ ಕೂಡದು. ಎಣ್ಣೆ ಒಳಗೆ ಇಳಿದರೆ ಅದು ಹೊತ್ತದೇ ಹೋಗಬಹುದು, ಇಲ್ಲವೇ ತಡವಾಗಿ ಹೊತ್ತಬಹುದು. ತಡವಾಗಿ ಹೊತ್ತುವುದೇ ಹೆಚ್ಚು ಅಪಾಯ. ಮರದ ಭಾಗಕ್ಕೆ ಖನಿಜ ತೈಲ ಇಳಿದರೆ ಮರ ಮೆತ್ತಗಾಗುತ್ತದೆ. ಅಲ್ಲಿಗೆ ಬೇಕಾದುದು ಅಗಸೆ ಎಣ್ಣೆ. ಕಬ್ಬಿಣಕ್ಕೆ ದೋಷವಾದ ಒಣಗುವ ಗುಣವೇ ಮರಕ್ಕೆ ಕವಚ. ಆದರೆ ಅಗಸೆ ಎಣ್ಣೆಯ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ಕಾವೇರಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೆ ನೀರಿನಲ್ಲಿ ಮುಳುಗಿಸಿ ಇಡಿ. ಹುಲ್ಲಿನ ಬಣವೆ ಇರುವ ಮನೆಗೆ ಇದು ಸಣ್ಣ ಮಾತಲ್ಲ.

ಇಡುವ ಜಾಗದ ವಿಷಯ. ನಮ್ಮದು ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ, ಇಲ್ಲಿ ಏನು ತುಕ್ಕು ಎಂದುಕೊಳ್ಳಬೇಡಿ. ಚಳ್ಳಕೆರೆಯ ಕಂಬಳಿ ಹೆಸರಾದದ್ದು, ಆದರೆ ಬಂದೂಕಿಗೆ ಹೊದಿಸಲು ಅಲ್ಲ. ಉಣ್ಣೆ ತೇವವನ್ನು ಹೀರಿ ಹಿಡಿದಿಡುತ್ತದೆ. ಚರ್ಮದ ಚೀಲವೂ ಹಾಗೆಯೇ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುತ್ತದೆ. ಎಲ್ಲಕ್ಕಿಂತ ಕೆಟ್ಟ ಜಾಗ ಗೊಬ್ಬರ, ಔಷಧಿ ಇಡುವ ಕೋಣೆ. ಪೊಟ್ಯಾಷ್, ಯೂರಿಯಾಗಳ ಧೂಳು ಕಬ್ಬಿಣಕ್ಕೆ ಏನು ಮಾಡುತ್ತದೆಂದು ಆ ಕೋಣೆಯ ಬಾಗಿಲ ಚಿಲಕವನ್ನು ನೋಡಿದರೆ ಸಾಕು. ಎಣ್ಣೆ ಹಚ್ಚಿದ ಮೇಲೆ ಮೊದಲ ಒಂದೆರಡು ದಿನ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ಬೀಗವಿರುವ ಕಪಾಟಿನಲ್ಲಿ ಬಂದೂಕು, ಬೇರೆ ಬೀಗದಲ್ಲಿ ತೋಟಾ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಿಯಾಯಿತಿ ಇಲ್ಲ.

ಚುನಾವಣೆ ಬಂದಾಗ ಜಿಲ್ಲಾಡಳಿತ ಆದೇಶಿಸಿದರೆ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಅಷ್ಟು ದಿನ ಯಾರೂ ನಿಮ್ಮ ಬಂದೂಕನ್ನು ಒರೆಸುವುದಿಲ್ಲ. ಆದೇಶ ಬಂದ ದಿನವೇ ಅವಸರದಲ್ಲಿ ಕೊಡದೆ, ಹಿಂದಿನ ಸಂಜೆಯೇ ತೊಳೆದು, ಒಣಗಿಸಿ, ನಳಿಗೆಯ ಒಳಗೂ ಹೊರಗೂ ವ್ಯಾಸಲೀನು ಸವರಿ. ರಸೀದಿಯಲ್ಲಿ ಬಂದೂಕಿನ ಸಂಖ್ಯೆಯ ಜೊತೆಗೆ ಅದರ ಸ್ಥಿತಿಯನ್ನೂ ಬರೆಸಿಕೊಳ್ಳಿ. ವಾಪಸು ತಂದ ಮೇಲೆ ಆ ಜಿಡ್ಡನ್ನೆಲ್ಲ ಒಣ ಬಟ್ಟೆಯಿಂದ ತೆಗೆಯದೆ ಹಾರಿಸಕೂಡದು. ಮುಚ್ಚಿಕೊಂಡ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ತೋಟಾ ಬಂದೂಕಾದರೆ ಮುರಿದು ಬೆಳಕಿಗೆ ಹಿಡಿದು ಹಿಂದಿನಿಂದ ಮುಂದಕ್ಕೆ ನೋಡಿ. ನಾಡಬಂದೂಕಾದರೆ ಕೇಪು ಕೂರುವ ಮೊಲೆಯ ತೂತಿನಲ್ಲಿ ಗ್ರೀಸು ಉಳಿದಿದೆಯೇ ಎಂದು ಸಣ್ಣ ತಂತಿಯಿಂದ ಪರೀಕ್ಷಿಸಿ.