ದರ ಹೇಳುವ ಮೊದಲು ಲೆಕ್ಕ ಹಾಕೋಣ

(ದೊಡ್ಡಬಳ್ಳಾಪುರದಲ್ಲಿ ನೇಕಾರರು, ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮಗ್ಗದ ಸದ್ದು ನಿಂತರೆ ಮನೆಯ ಒಲೆಯ ಉರಿಯೂ ತಗ್ಗುತ್ತದೆಂಬುದನ್ನು ಈ ಊರಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ. 2020ರ ಲಾಕ್‌ಡೌನಿನಲ್ಲಿ ಅದನ್ನು ಎಲ್ಲರೂ ಅನುಭವಿಸಿದ್ದೇವೆ. ಕೆಲಸ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಂಥ ದರಕ್ಕೆ ಬೇಕು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಕೈಯಲ್ಲಿರುವ ಫೋನಿನಿಂದ ಮಜೂರಿ ಕೆಲಸ ಹಿಡಿಯುವುದು ಹೇಗೆ, ಹಿಡಿದ ಕೆಲಸಕ್ಕೆ ದರ ಕಟ್ಟುವುದು ಹೇಗೆ ಎಂಬ ಎರಡೇ ಸಂಗತಿಗಳನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಹಳೆಯ ಪದ್ಧತಿ ನಿಮಗೆ ಗೊತ್ತು. ಸಾಹುಕಾರ ನೂಲು ಕೊಡುತ್ತಾನೆ, ಡಿಸೈನು ಕೊಡುತ್ತಾನೆ. ನಾವು ನೇಯ್ದು ಸೀರೆ ಒಪ್ಪಿಸಿ ಮಜೂರಿ ತರುತ್ತೇವೆ. ಕಷ್ಟಕಾಲಕ್ಕೆ ಮುಂಗಡವೂ ಅವನದೇ. ಆದ್ದರಿಂದ ದರವೂ ಅವನದೇ. ಇದ್ದದ್ದು ಒಂದೇ ಬಾಗಿಲು. ಈಗ ವಾಟ್ಸಾಪ್ ಗುಂಪುಗಳಿಂದಲೂ, ಇಂಡಿಯಾಮಾರ್ಟಿನಂಥ ತಾಣಗಳಿಂದಲೂ ಬೇರೆ ಬಾಗಿಲುಗಳು ತೆರೆದಿವೆ. ಚಿಕ್ಕಪೇಟೆಯ ವರ್ತಕ ಮಧ್ಯಸ್ಥನಿಲ್ಲದೆ ನೇರವಾಗಿ ನೇಕಾರನನ್ನು ಕೇಳಬಹುದು. ಇದು ಒಳ್ಳೆಯದೇ. ಆದರೆ ಬಾಗಿಲು ತೆರೆದದ್ದು ಎರಡೂ ಕಡೆಗೆ. ನಮಗೆ ಹತ್ತು ವರ್ತಕರು ಕಾಣಿಸಿದರೆ, ಒಬ್ಬ ವರ್ತಕನಿಗೆ ನೂರು ನೇಕಾರರು ಕಾಣಿಸುತ್ತಾರೆ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೀವೆಲ್ಲ ನೋಡಿದ್ದೀರಿ. ದಲ್ಲಾಳಿ ಟವಲಿನ ಕೆಳಗೆ ಕೈಯಿಟ್ಟು ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಸುತ್ತ ನಿಂತವರಿಗೆ ಆ ಬೆಲೆ ತಿಳಿಯದು. ಫೋನಿನಲ್ಲಿ ಖಾಸಗಿಯಾಗಿ ಬರುವ ಸಂದೇಶವೂ ಅಂಥದೇ ಟವಲು. ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ‘ಕೆಲಸ ಇದೆ’ ಎಂದು ಬರೆದವನು ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳುತ್ತಾನೆ: ‘ಅವರು ಇಷ್ಟಕ್ಕೆ ಒಪ್ಪಿದ್ದಾರೆ, ನೀವು?’ ಆ ‘ಅವರು’ ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕಾಣದ ಎದುರಾಳಿಗೆ ಹೆದರಿ ನಾವು ಹತ್ತು ರೂಪಾಯಿ ಇಳಿಸುತ್ತೇವೆ. ಪಕ್ಕದ ಬೀದಿಯವರು ನಮಗೆ ಹೆದರಿ ಇಪ್ಪತ್ತು ಇಳಿಸುತ್ತಾರೆ. ಹೀಗೆ ಇಳಿದ ದರ ಮತ್ತೆ ಏರುವುದು ಸುಲಭವಲ್ಲ.

ಇದಕ್ಕೆ ಮೊದಲ ಮದ್ದು ಲೆಕ್ಕ. ಒಂದು ಉದಾಹರಣೆ ಹೇಳುತ್ತೇವೆ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ, ನಿಮ್ಮ ಮನೆಯ ಅಂಕಿಗಳನ್ನು ನೀವೇ ಹಾಕಿಕೊಳ್ಳಿ. ನಾಲ್ಕು ಮಗ್ಗದ ಒಂದು ಮನೆ. ತಿಂಗಳಿಗೆ ಜಾಗದ ಬಾಡಿಗೆ, ರಿಪೇರಿ, ಎಣ್ಣೆ, ಸಾಗಣೆ, ಸಾಲದ ಕಂತು ಎಲ್ಲ ಸೇರಿ 24,000 ರೂಪಾಯಿ ಎನ್ನೋಣ. ಗಂಡ ಮಗ್ಗ ನಡೆಸುತ್ತಾನೆ. ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಎಳೆ ಕಡಿದರೆ ಕಟ್ಟುತ್ತಾಳೆ, ಮಗ್ಗವನ್ನೂ ನೋಡುತ್ತಾಳೆ. ಇಬ್ಬರ ದುಡಿಮೆಗೂ ತಲಾ 15,000. ಒಟ್ಟು 54,000. ನಾಲ್ಕು ಮಗ್ಗ, ದಿನಕ್ಕೆ ಎರಡೆರಡು ಸೀರೆ, 25 ದಿನವೆಂದರೆ 200 ಸೀರೆ. ಸೀರೆಗೆ 270 ರೂಪಾಯಿ ಬಿದ್ದರೆ ಸಾಕೆಂದು ಕಾಣುತ್ತದೆ. ಆದರೆ ವಾರ್ಪು ಜೋಡಿಸುವ ದಿನ, ಕರೆಂಟು ಹೋದ ಹೊತ್ತು, ನೂಲು ಬಾರದ ವಾರ, ಮನೆಯಲ್ಲಿ ಜ್ವರ, ಇವನ್ನೆಲ್ಲ ಕಳೆದರೆ ಕೈಗೆ ಸಿಗುವುದು 150 ಸೀರೆ. 54,000ವನ್ನು 150ರಿಂದ ಭಾಗಿಸಿದರೆ 360. ಅಂದಮೇಲೆ 270ಕ್ಕೆ ಒಪ್ಪಿದವನು ತಿಂಗಳಿಗೆ 13,500 ರೂಪಾಯಿಯನ್ನು ತನ್ನ ಕೈಯಿಂದಲೇ ವರ್ತಕನಿಗೆ ಕೊಟ್ಟಂತಾಯಿತು. ಆ ಹಣ ಎಲ್ಲಿಂದ ಬರುತ್ತದೆ? ಹೆಂಡತಿಯ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಲ್ಲಿಂದ ಬರುತ್ತದೆ. ಮನೆಯ ಹೆಂಗಸರ ದುಡಿಮೆಗೆ ಬೆಲೆಯಿಲ್ಲವೆಂದು ಬಗೆದೇ ನಾವು ದರ ಇಳಿಸುತ್ತಾ ಬಂದಿದ್ದೇವೆ.

‘ಕರೆಂಟು ಉಚಿತವಾಗಿದೆಯಲ್ಲ, ಮಜೂರಿ ಇಳಿಸಿ’ ಎಂದು ಕೇಳುವವರೂ ಇದ್ದಾರೆ. 10 ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗಗಳಿಗೆ 2023ರಲ್ಲಿ ರಾಜ್ಯ ಸರಕಾರ ಒಂದು ಮಿತಿಯೊಳಗೆ ಉಚಿತ ವಿದ್ಯುತ್ ಕೊಟ್ಟದ್ದು ನೇಕಾರ ಉಳಿಯಲೆಂದು. ವರ್ತಕನ ಲಾಭ ಬೆಳೆಯಲೆಂದಲ್ಲ.

ಈ ಲೆಕ್ಕ ಮಗ್ಗಕ್ಕೆ ಮಾತ್ರವಲ್ಲ. ಹೊಸಕೋಟೆಯ ಟೆಂಪೋ ಮಾಲೀಕ ಹೋಗುವ ಬಾಡಿಗೆ ಹೇಳುವಾಗ ಖಾಲಿ ಬರುವ ದಾರಿಯ ಡೀಸೆಲನ್ನೂ ಸೇರಿಸಬೇಕು. ನೆಲಮಂಗಲದ ಲೇತ್ ಕೆಲಸದವನು ಕಬ್ಬಿಣ ಕಡೆಯುವ ಹೊತ್ತಿನ ಜೊತೆಗೆ ಯಂತ್ರಕ್ಕೆ ಅದನ್ನು ಹೊಂದಿಸುವ ಹೊತ್ತನ್ನೂ ಎಣಿಸಬೇಕು.

ಇನ್ನು ಕೆಲಸ ಹಿಡಿಯುವ ವಿಚಾರ. ಅಂದದ ಸೀರೆಯ ಚಿತ್ರವೊಂದನ್ನು ಹಾಕಿದ ಮಾತ್ರಕ್ಕೆ ಕೆಲಸ ಬಾರದು. ಮಗ್ಗ ಎಷ್ಟು, ಅಗಲ ಎಷ್ಟು, ಜಕಾರ್ಡಿನ ಹುಕ್ಕು ಎಷ್ಟು, ಯಾವ ನೂಲು ನೇಯುತ್ತೀರಿ, ವಾರಕ್ಕೆ ಎಷ್ಟು ಸೀರೆ ಒಪ್ಪಿಸಬಲ್ಲಿರಿ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಕೊಳ್ಳುವವನಿಗೆ ಬೇಕಾದದ್ದು ಅದೇ. ಒಬ್ಬ ಸಾಹುಕಾರ ನಂಬಿ ಕೊಟ್ಟ ಡಿಸೈನನ್ನು ಇನ್ನೊಬ್ಬನಿಗೆ ತೋರಿಸಬೇಡಿ; ಆ ನಂಬಿಕೆ ಒಮ್ಮೆ ಹೋದರೆ ಯಾವ ಫೋನೂ ಅದನ್ನು ತಂದುಕೊಡದು. ಕೆಲಸ ಕೊಡುತ್ತೇವೆಂದು ಮೊದಲೇ ನೋಂದಣಿ ಹಣ ಕೇಳುವವನನ್ನು ದೂರವಿಡಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎನ್ನುವವನು ಮೋಸಗಾರ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು.

ದರ ಕುದುರಿದ ಮೇಲೆ ಬಾಯಿಮಾತಿಗೆ ಬಿಡಬೇಡಿ. ಎಷ್ಟು ಸೀರೆ, ಯಾವ ದರ, ಯಾವ ದಿನ ಒಪ್ಪಿಸುವುದು, ಯಾವ ದಿನ ಹಣ, ಇಷ್ಟನ್ನು ಬರೆದು ಕಳುಹಿಸಿ ‘ಒಪ್ಪಿಗೆ’ ಎಂಬ ಉತ್ತರವನ್ನು ಪಡೆದಿಟ್ಟುಕೊಳ್ಳಿ. ಇಲ್ಲವಾದರೆ ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಅತಿಸಣ್ಣ, ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಆದ ಕಾಯಿದೆಯ ಪ್ರಕಾರ ಬರಹದ ಕರಾರಿದ್ದರೂ 45 ದಿನಗಳಿಗಿಂತ ಹೆಚ್ಚು ಬಾಕಿ ನಿಲ್ಲಿಸುವಂತಿಲ್ಲ. ಕರಾರಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಇದಕ್ಕೆ ಉದ್ಯಮ್ ನೋಂದಣಿ ಬೇಕು. ಅದಕ್ಕೆ ಸರಕಾರ ಕಾಸೂ ಕೇಳುವುದಿಲ್ಲ. ಕೊಂಡು ಮಾರುವ ಅಂಗಡಿಕಾರರಿಗೂ 2021ರಿಂದ ಈ ನೋಂದಣಿ ದೊರೆಯುತ್ತದೆಯಾದರೂ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. 45 ದಿನದ ರಕ್ಷಣೆ ಅವರಿಗಿಲ್ಲ. ಆದ್ದರಿಂದ ಅಂಗಡಿಕಾರ ಮಿತ್ರರು ಕಡ ಕೊಡುವಾಗ ಇನ್ನೂ ಎಚ್ಚರವಾಗಿರಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬರು ಎದ್ದು ಕೇಳಬಹುದು: ‘ಮನೆಯಲ್ಲಿ ಅಕ್ಕಿ ಮುಗಿದಿರುವಾಗ 270ರ ಕೆಲಸವನ್ನು ಬೇಡವೆನ್ನುವುದು ಹೇಗೆ?’ ಪ್ರಶ್ನೆ ನ್ಯಾಯವಾದದ್ದು. ಹಸಿದವನಿಗೆ ಲೆಕ್ಕದ ಪುಸ್ತಕ ಕೊಟ್ಟು ಸುಮ್ಮನಾಗುವುದು ಅನ್ಯಾಯ. ಒಬ್ಬನೇ ಬೇಡವೆಂದರೆ ಅವನ ಮಗ್ಗ ನಿಲ್ಲುತ್ತದೆ, ಕೆಲಸ ಪಕ್ಕದ ಮನೆಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ದುಡಿಯುವವನಿಗೆ ಕನಿಷ್ಠ ವೇತನವೆಂಬ ಕಾಲಿಡುವ ನೆಲ ಒಂದಾದರೂ ಇದೆ. ಮನೆಯ ಮಗ್ಗದವನಿಗೆ ಬಾಗಿಲಿಗೆ ಬಂದು ಅಂಥ ನೆಲ ಹಾಕಿಕೊಡುವವರಿಲ್ಲ. ಅದನ್ನು ನಾವೇ ಸೇರಿ ಹಾಕಿಕೊಳ್ಳಬೇಕು.

ಹೇಗೆ? ಬೀದಿಗೆ ಹತ್ತು ಮನೆಯವರು ತಿಂಗಳಿಗೊಮ್ಮೆ ಕೂತು ತಮ್ಮ ತಮ್ಮ ಖರ್ಚಿನ ಲೆಕ್ಕವನ್ನು ಹೋಲಿಸಿ ನೋಡಲಿ. ಯಾವ ವರ್ತಕ ಹೊತ್ತಿಗೆ ಸರಿಯಾಗಿ ಹಣ ಕೊಟ್ಟ, ಯಾವನು ಆರು ತಿಂಗಳು ಅಲೆಸಿದ ಎಂಬುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ತಿಂಗಳಿಗೆ ಸ್ವಲ್ಪ ಸ್ವಲ್ಪ ಹಣ ಕೂಡಿಸಿ, ಕೆಲಸವಿಲ್ಲದ ವಾರದಲ್ಲಿ ಅಕ್ಕಿಗೆ ಕೈಗಡ ಕೊಡುವ ನಿಧಿಯೊಂದನ್ನು ಮಾಡಲಿ. ಅದು ಬಲಿತರೆ ಸಹಕಾರ ಸಂಘವಾಗಿ ನೋಂದಾಯಿಸಿ, ದೊಡ್ಡ ಆರ್ಡರನ್ನು ಸಂಘದ ಹೆಸರಿನಲ್ಲೇ ಹಿಡಿದು ಹಂಚಿಕೊಳ್ಳಬಹುದು. ಆಗ ಮುಂಗಡದ ಆಸೆಗೆ ದರ ಒಪ್ಪಬೇಕಾದ ಗತಿ ತಪ್ಪುತ್ತದೆ.

ಇಂದು ಮನೆಗೆ ಹೋದವರು ಒಂದು ಕೆಲಸ ಮಾಡಿ. ಗಂಡ ಹೆಂಡತಿ ಇಬ್ಬರೂ ಕೂತು, ಕಳೆದ ತಿಂಗಳ ಖರ್ಚನ್ನೂ ಇಬ್ಬರ ಕೂಲಿಯನ್ನೂ ಬರೆದು, ಒಪ್ಪಿಸಿದ ಸೀರೆಗಳಿಂದ ಭಾಗಿಸಿ. ಬಂದ ಅಂಕಿಯನ್ನು ಮಗ್ಗದ ಮೇಲಿನ ಗೋಡೆಗೆ ಅಂಟಿಸಿ. ಮುಂದಿನ ಸಲ ಫೋನಿನಲ್ಲಿ ದರ ಕೇಳಿದಾಗ ಮೊದಲು ಆ ಗೋಡೆಯನ್ನು ನೋಡಿ, ಆಮೇಲೆ ಉತ್ತರ ಬರೆಯಿರಿ.