ನಮ್ಮ ಪಾಠ ನಮಗೆ ಕಾಣುವುದೇ?



ರಜೆಯ ದಿನ ಮಕ್ಕಳು ಅಂಗಳದಲ್ಲಿ ಶಾಲೆಯಾಟ ಆಡುವುದನ್ನು ನೀವು ಕಂಡಿರಬಹುದು. ಒಂದು ಮಗು ಟೀಚರ್ ಆಗುತ್ತದೆ. ಪ್ರಶ್ನೆ ಕೇಳುವಾಗಿನ ಗತ್ತು, ಉತ್ತರ ತಪ್ಪಿದಾಗಿನ ನೋಟ, ಸರಿಯಾದಾಗ ತಲೆ ಸವರುವ ಬಗೆ, ಎಲ್ಲವೂ ಅದರ ನಿಜವಾದ ಟೀಚರರದ್ದೇ. ಅಧ್ಯಾಪಕರ ಕಲಿಸುವ ರೀತಿ ಮಕ್ಕಳಿಗೆ ಅಷ್ಟು ಚೆನ್ನಾಗಿ ಗೊತ್ತು. ಅದರ ಅರಿವು ಕಡಿಮೆ ಇರುವುದು ಅಧ್ಯಾಪಕರಿಗೇ.

ಇದರಲ್ಲಿ ಅಚ್ಚರಿಯಿಲ್ಲ. ತರಬೇತಿಯ ದಿನಗಳಲ್ಲಿ ಅಭ್ಯಾಸಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಉಪನ್ಯಾಸಕರು ಕುಳಿತು ಟಿಪ್ಪಣಿ ಬರೆಯುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಹಾಗೆ ನೋಡಿ ಹೇಳುವವರು ಅಪರೂಪ. ವರ್ಷಗಳು ಕಳೆದಂತೆ ರೀತಿ ಅಭ್ಯಾಸವಾಗುತ್ತದೆ, ಅಭ್ಯಾಸವಾದದ್ದು ಕಣ್ಣಿಗೆ ಬೀಳುವುದಿಲ್ಲ.

ನಮ್ಮ ದಕ್ಷಿಣ ಕನ್ನಡದ ಶಾಲೆಗಳನ್ನೇ ನೋಡಿ. ಬಂಟ್ವಾಳದ ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಬೆಳ್ತಂಗಡಿಯ ಘಟ್ಟದ ಬುಡದ ಸಣ್ಣ ಶಾಲೆಯಲ್ಲಿ ಒಬ್ಬರೇ ಅಧ್ಯಾಪಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾಗುತ್ತದೆ. ಮೂಡುಬಿದಿರೆಯ ಕಾಲೇಜುಗಳಲ್ಲಿ ದೂರದ ಜಿಲ್ಲೆಗಳಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗ ಹುಡುಗಿಯರು ತುಂಬಿರುತ್ತಾರೆ. ಒಂದು ಕಡೆ ಫಲ ಕೊಟ್ಟ ರೀತಿ ಇನ್ನೊಂದು ಕಡೆ ಕೊಡಲಿಕ್ಕಿಲ್ಲ. ತನ್ನ ರೀತಿ ಯಾವುದೆಂದು ತಿಳಿದವರಿಗೆ ಮಾತ್ರ ಅದನ್ನು ಹದಕ್ಕೆ ತಕ್ಕಂತೆ ಬದಲಿಸಲು ಸಾಧ್ಯ.

ಹಾಗೆ ತಿಳಿದವರೊಬ್ಬರು ನಮ್ಮಲ್ಲೇ ಇದ್ದರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಕವಿ ಪಂಜೆ ಮಂಗೇಶರಾಯರು ಅಧ್ಯಾಪಕರೂ ಆಗಿದ್ದರು, ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದರು. ತರಗತಿಯನ್ನು ಮುಂದೆ ನಿಂತೂ ಹಿಂದೆ ಕುಳಿತೂ ಕಂಡವರು. ಅವರ ಶಿಶುಗೀತೆಗಳಲ್ಲಿ ಪುಟ್ಟ ಬಾಯಿಗೆ ಒಗ್ಗುವ ಮಾತುಗಳಿವೆ, ಹಾವು, ಗಾಳಿಯಂಥ ಕಂಡುಂಡ ಸಂಗತಿಗಳಿವೆ. ಪಾಠ ಮಗುವಿಗೆ ಹೇಗೆ ಕೇಳಿಸುತ್ತದೆ ಎಂದು ಕಿವಿಗೊಟ್ಟವರಿಗೆ ಮಾತ್ರ ಬರುವ ಬರವಣಿಗೆ ಅದು. ಆ ಕಿವಿ ಪ್ರತಿ ಅಧ್ಯಾಪಕರಿಗೂ ಬೇಕು.

ಅದನ್ನು ಪಡೆಯುವ ದಾರಿ ಕಷ್ಟದ್ದಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು ಒಂದು ಪಾಠದ ಧ್ವನಿಯನ್ನು ಮಾತ್ರ ಮುದ್ರಿಸಿಕೊಳ್ಳಿ. ಸಂಜೆ ಒಬ್ಬರೇ ಕುಳಿತು ಕೇಳಿ. ನಾನೆಷ್ಟು ಮಾತಾಡಿದೆ, ಮಕ್ಕಳೆಷ್ಟು ಮಾತಾಡಿದರು? ಯಾರ ಯಾರ ಹೆಸರು ಕರೆದೆ, ಯಾರ ಹೆಸರು ಬರಲೇ ಇಲ್ಲ? ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದೆ?

ಈ ಮೂರನೆಯ ಪ್ರಶ್ನೆ ಬಹಳ ದೊಡ್ಡದು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ನೂರಾರು ತರಗತಿಗಳ ಧ್ವನಿಮುದ್ರಣ ಕೇಳಿ, 1970ರ ದಶಕದಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಪ್ರಶ್ನೆ ಕೇಳಿದ ಅಧ್ಯಾಪಕರು ಉತ್ತರಕ್ಕಾಗಿ ಸರಾಸರಿ ಕಾಯುತ್ತಿದ್ದುದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಮನೆಯಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡುವ ನಮ್ಮ ಮಗು ಪ್ರಶ್ನೆಯನ್ನು ತನ್ನ ಮಾತಿಗೆ ತಂದುಕೊಂಡು, ಯೋಚಿಸಿ, ಮತ್ತೆ ಕನ್ನಡಕ್ಕೋ ಇಂಗ್ಲಿಷಿಗೋ ತರಬೇಕು. ಅದಕ್ಕೆ ಆ ಮೂರು ಸೆಕೆಂಡು ಇನ್ನಷ್ಟು ಅಗತ್ಯ. ದಡ್ಡ ಎಂದು ನಾವು ತೀರ್ಮಾನಿಸಿದ ಮಗು ಬರೇ ನಿಧಾನದ ಮಗು ಆಗಿರಬಹುದು.

ಇನ್ನೊಂದು ದಾರಿಯೂ ಇದೆ. ನಂಬಿಕೆಯ ಸಹೋದ್ಯೋಗಿಯನ್ನು ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂರಿಸಿಕೊಳ್ಳಿ, ನೀವೂ ಅವರ ತರಗತಿಗೆ ಹೋಗಿ. ಅಕ್ಕಪಕ್ಕದ ಶಾಲೆಗಳ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆಗಳ ಜೊತೆಗೆ ಇದೂ ಮಾತಿಗೆ ಬರಲಿ. ಇದು ಯಾರ ತಪ್ಪನ್ನೂ ಹಿಡಿಯುವುದಕ್ಕಲ್ಲ. ಕತೆ ಹೇಳಿ ಕಲಿಸುವವರು ಕತೆಯನ್ನು ಬಿಡಬೇಕಾಗಿಲ್ಲ, ಶಿಸ್ತಿನವರು ಶಿಸ್ತನ್ನು ಬಿಡಬೇಕಾಗಿಲ್ಲ. ತಮ್ಮ ರೀತಿ ಯಾವ ಮಗುವನ್ನು ತಲುಪುತ್ತದೆ, ಯಾವ ಮಗುವನ್ನು ಹೊರಗೆ ಬಿಡುತ್ತದೆ ಎಂಬುದನ್ನು ಅವರು ತಿಳಿದರೆ ಸಾಕು.

ಇಂದು ಶಾಲೆಗೆ ಹೊರಟಿರುವ ಅಧ್ಯಾಪಕರೇ, ಮೊದಲ ಪೀರಿಯಡಿನಲ್ಲಿ ಒಂದು ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಯಾವಾಗಲೂ ಕೈ ಎತ್ತದ ಮಗುವಿನ ಹೆಸರನ್ನು ಡೈರಿಯಲ್ಲಿ ಬರೆದುಕೊಳ್ಳಿ. ನಾಳೆಯ ಪಾಠ ಆ ಮಗುವಿನಿಂದ ಶುರುವಾಗಲಿ.